ಹಸಿದು ಬಂದವಳಿಗೆ ಅಳತೆಯ ಊಟವೇಕೆ?

ಗಂಗಾವತಿಯ ಓದುಗರೊಬ್ಬರು ತಮ್ಮ ಅಣ್ಣನ ಮಗಳ ವಿಷಯವಾಗಿ ಬರೆದಿದ್ದಾರೆ. ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗಿ ದಪ್ಪಗಾಗುವ ಭಯದಿಂದ ಒಂದು ವರ್ಷದಿಂದ ಊಟ ಬಿಡುತ್ತ ಬಂದು, 31 ಕಿಲೋಗೆ ಇಳಿದು, ಕಾಲೇಜಿನಲ್ಲಿ ತಲೆಸುತ್ತಿ ಬಿದ್ದ ಮೇಲೆ ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಸೇರಿದ್ದಾಳೆ. ಅನೊರೆಕ್ಸಿಯಾ ನರ್ವೋಸಾ ಎಂದು ವೈದ್ಯರು ಹೇಳಿದ್ದಾರೆ. ಅತ್ತೆ ಕಟ್ಟಿಕೊಂಡು ಹೋದ ಶೇಂಗಾ ಹೋಳಿಗೆಯ ಡಬ್ಬಿಯನ್ನು ವಾರ್ಡಿನ ಬಾಗಿಲಲ್ಲೇ ತಡೆದರಂತೆ. ಹುಡುಗಿಗೆ ಸಿಕ್ಕದ್ದು ಅಳೆದು ಕೊಟ್ಟ ಹಾಲು, ಒಂದು ಇಡ್ಲಿ, ಅದರ ಮೇಲೆ ದಿನಾಲೂ ರಕ್ತ ಪರೀಕ್ಷೆ. "ಇದು ಉಪವಾಸ ಬಿಡಿಸುವ ಚಿಕಿತ್ಸೆಯೋ, ಮುಂದುವರಿಸುವ ಚಿಕಿತ್ಸೆಯೋ?" ಎಂಬುದು ಅವರ ಪ್ರಶ್ನೆ.

ಹಸಿದು ಬಂದವರಿಗೆ ಹೊಟ್ಟೆ ತುಂಬ ಬಡಿಸಿಯೇ ಕಳಿಸುವ ಸೀಮೆ ನಮ್ಮದು. ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ತಿಂಗಳುಗಟ್ಟಲೆ ಉಣ್ಣದ ದೇಹಕ್ಕೆ ಮೊದಲ ದಿನಗಳಲ್ಲಿ ಅದೇ ತುಂಬಿದ ತಟ್ಟೆ ಪ್ರಾಣಕ್ಕೆ ಎರವಾಗಬಲ್ಲದು.

ಊಟ ಸಿಗದ ದೇಹ ತನ್ನ ಕೊಬ್ಬನ್ನೂ ಮಾಂಸಖಂಡಗಳನ್ನೂ ಕರಗಿಸಿಕೊಂಡು ಬದುಕುತ್ತದೆ. ಆ ಅವಧಿಯಲ್ಲಿ ಜೀವಕೋಶಗಳೊಳಗಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಾಸ್ತಾನು ಬರಿದಾಗುತ್ತ ಹೋಗುತ್ತದೆ. ಆಗ ರಕ್ತ ಪರೀಕ್ಷೆ ಮಾಡಿಸಿದರೂ ಎಲ್ಲವೂ ಸರಿಯಿರುವಂತೆ ಕಾಣಬಹುದು, ಮೋಸ ಹೋಗುವುದು ಇಲ್ಲಿಯೇ. ಅನ್ನ, ಬೆಲ್ಲ, ಸಕ್ಕರೆ ಒಮ್ಮೆಲೇ ಹೊಟ್ಟೆಗೆ ಬಿದ್ದಾಗ ಇನ್ಸುಲಿನ್ ಏರಿ, ಸಕ್ಕರೆಯ ಜೊತೆಗೆ ಈ ಲವಣಗಳನ್ನೂ ರಕ್ತದಿಂದ ಜೀವಕೋಶಗಳೊಳಕ್ಕೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಫಾಸ್ಫೇಟ್ ಕುಸಿದರೆ ಸ್ನಾಯುಗಳಿಗೆ ಶಕ್ತಿ ಒದಗುವುದಿಲ್ಲ. ಎದೆಬಡಿತ ತಾಳ ತಪ್ಪುತ್ತದೆ, ಉಸಿರಾಟ ಸೋಲುತ್ತದೆ, ದೇಹದಲ್ಲಿ ನೀರು ನಿಂತು ಕಾಲು ಬಾಯುತ್ತದೆ. ಸಕ್ಕರೆಯನ್ನು ಅರಗಿಸಲು ಬೇಕಾದ ಥಯಮಿನ್, ಅಂದರೆ ಬಿ1 ಜೀವಸತ್ವ, ಮೊದಲೇ ಕಡಿಮೆಯಾಗಿದ್ದರೆ ಮಿದುಳಿಗೂ ಪೆಟ್ಟು ಬೀಳುತ್ತದೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾಗಿ ಬಂದ ಕೆಲವರು ಹೊಟ್ಟೆ ತುಂಬ ಉಂಡ ಬಳಿಕ ಹೃದಯ ಸೋತು ಸತ್ತಾಗ ವೈದ್ಯರು ಇದನ್ನು ಗುರುತಿಸಿದರು.

ದಿನಾಲೂ ರಕ್ತ ತೆಗೆಯುವುದು, ಇಸಿಜಿ ನೋಡುವುದು, ಊಟಕ್ಕಿಂತ ಮೊದಲೇ ಥಯಮಿನ್ ಕೊಡುವುದು ಈ ಕಾರಣಕ್ಕೆ. ಲೋಟ ಹಾಲಿಗೂ ಅರ್ಥವಿದೆ. ಹಾಲಿನಲ್ಲಿ ಫಾಸ್ಫೇಟ್ ಚೆನ್ನಾಗಿರುತ್ತದೆ.

ಇನ್ನು ಎಷ್ಟು ಕೊಡಬೇಕೆಂಬ ಮಾತು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2006ರಲ್ಲಿ, ಅಪಾಯ ಹೆಚ್ಚಿರುವ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಹೆಚ್ಚೆಂದರೆ 10 ಕ್ಯಾಲೊರಿಯಿಂದ, ತೀರಾ ಕೃಶರಾದವರಿಗೆ 5 ಕ್ಯಾಲೊರಿಯಿಂದ ಆರಂಭಿಸಬೇಕೆಂದು ಹೇಳಿತು. ರೋಗಿಗಳ ಪೋಷಣೆಯ ತಜ್ಞರ ಕೂಟವಾದ ಅಮೆರಿಕದ ಆಸ್ಪೆನ್ ಸಂಸ್ಥೆಯ 2020ರ ಸಲಹೆ ಮೊದಲ ದಿನಕ್ಕೆ ಕಿಲೋಗೆ 10ರಿಂದ 20 ಕ್ಯಾಲೊರಿ. ಅಲ್ಲಿಂದ ಒಂದೆರಡು ದಿನಕ್ಕೊಮ್ಮೆ, ಕೊನೆಗೆ ದಿನಕ್ಕೆ ಮುಟ್ಟಬೇಕಾದ ಕ್ಯಾಲೊರಿ ಗುರಿಯ ಮೂರನೆಯ ಒಂದು ಪಾಲಿನಷ್ಟು ಏರಿಕೆ. ಕಿಲೋಗೆ 10ರಂತೆ ಲೆಕ್ಕ ಹಾಕಿದರೆ 31 ಕಿಲೋ ತೂಕದವಳಿಗೆ ಮೊದಲ ದಿನ 310 ಕ್ಯಾಲೊರಿ, ಸುಮಾರಾಗಿ ಎರಡು ದೊಡ್ಡ ಜೋಳದ ರೊಟ್ಟಿಯಷ್ಟು. ನಿಮಗೆ ಕಂಡ ಸಣ್ಣ ತಟ್ಟೆ ಈ ಲೆಕ್ಕದ್ದಿರಬೇಕು.

ಹಾಗೆಂದು ಆ ತಟ್ಟೆ ಸಣ್ಣದಾಗಿಯೇ ಉಳಿಯುವುದನ್ನು ನಾವು ಒಪ್ಪುವುದಿಲ್ಲ. ಅತಿ ಎಚ್ಚರಿಕೆಯಿಂದ ವಾರಗಟ್ಟಲೆ ಕಡಿಮೆ ಕೊಟ್ಟರೆ ರೋಗಿ ಇನ್ನಷ್ಟು ಸೊರಗುತ್ತಾಳೆ; ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2022ರ ಮಾರ್ಗದರ್ಶಿಯಲ್ಲಿ ಈ ಅಪಾಯವನ್ನೂ ಎಚ್ಚರಿಸಿದೆ. ಇಷ್ಟೊಂದು ಕೃಶರಾಗದ ಹರೆಯದವರಿಗೆ ಆಸ್ಪತ್ರೆಯ ನಿಗಾದಲ್ಲಿ ದಿನಕ್ಕೆ 2000 ಕ್ಯಾಲೊರಿಯಿಂದಲೇ ಆರಂಭಿಸಿದಾಗ ಬೇಗ ಚೇತರಿಸಿಕೊಂಡದ್ದನ್ನು ಅಮೆರಿಕದ ಅಧ್ಯಯನ ತೋರಿಸಿದೆ. ಆದ್ದರಿಂದ ನಾಳೆ ರೌಂಡ್ಸಿಗೆ ವೈದ್ಯರು ಬಂದಾಗ ಇಂದಿನ ಫಾಸ್ಫೇಟ್ ಎಷ್ಟಿದೆ, ಊಟವನ್ನು ಯಾವಾಗ ಎಷ್ಟು ಏರಿಸುತ್ತೀರಿ ಎಂದು ಧೈರ್ಯವಾಗಿ ಕೇಳಿ. ಇದನ್ನು ತಿಳಿಯುವ ಹಕ್ಕು ಮನೆಯವರಿಗಿದೆ. ಅವಳು ಕೊನೆಯ ಹತ್ತು ದಿನಗಳಲ್ಲಿ ನಿಜವಾಗಿ ತಿಂದದ್ದೆಷ್ಟು, ವಾಂತಿ ಮಾಡಿಕೊಳ್ಳುತ್ತಿದ್ದಳೇ, ಭೇದಿ ಮಾತ್ರೆ ನುಂಗುತ್ತಿದ್ದಳೇ ಎಂಬುದನ್ನು ಮುಚ್ಚಿಡದೆ ತಿಳಿಸಿ. ಏದುಸಿರು, ಎದೆಬಡಿತದಲ್ಲಿ ಏರುಪೇರು, ಗೊಂದಲದ ಮಾತು, ಕಾಲುಬಾವು ಕಂಡರೆ ನರ್ಸನ್ನು ಆ ಕ್ಷಣವೇ ಕರೆಯಿರಿ.

ತೂಕ ಒಂದಿಷ್ಟು ಏರಿದೊಡನೆ "ಈಗ ಮೈಕೈ ತುಂಬಿಕೊಂಡೀ ನೋಡು" ಎಂದು ಯಾರೂ ಹೊಗಳದಿರಲಿ. ನಮಗೆ ಅದು ಸಂತೋಷದ ಮಾತು. ಅವಳು ಊಟ ಬಿಟ್ಟದ್ದೇ ಆ ಮಾತಿಗೆ ಅಂಜಿ. ಇದನ್ನು ಹಠವೆಂದು ಬೈಯುವುದೂ ಬೇಡ, ಇದು ಕಾಯಿಲೆ. ತೂಕ ಮರಳಿದ ಮೇಲೂ ಮನೋವೈದ್ಯರ ಚಿಕಿತ್ಸೆ ಬಹುಕಾಲ ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಲಾಗದ ದಿನಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಹೋಳಿಗೆಯನ್ನು ಯಾವಾಗ ತರಬಹುದೆಂದು ಆಹಾರ ತಜ್ಞರನ್ನು ಕೇಳಿ, ಅವರು ಹೇಳಿದ ದಿನ ಒಯ್ಯಿರಿ. ಊರಿಗೆ ಮರಳಿದ ಬಳಿಕ ಅವಳು ಮತ್ತೆ ಊಟ ಬಿಟ್ಟು ನಿತ್ರಾಣಗೊಂಡರೆ, ಓಣಿಯ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟಲಿ ಹಚ್ಚಿಸಬೇಡಿ. ಥಯಮಿನ್ ಇಲ್ಲದೆ, ರಕ್ತ ಪರೀಕ್ಷೆಯಿಲ್ಲದೆ ನರಕ್ಕೆ ನೇರ ಹೋಗುವ ಆ ಸಕ್ಕರೆಯೂ ಇದೇ ಅಪಾಯ ತರುತ್ತದೆ. ಅವಳನ್ನು ಮೊದಲು ನೋಡಿದ ಆಸ್ಪತ್ರೆಗೇ ಕರೆದೊಯ್ಯಿರಿ.