ಸಿಆರ್‌ಪಿ (ಹತ್ತಿರದ ಕೆಲವು ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಒಂದು ಸಲ ಬಂದು ತರಗತಿ ನೋಡಿದರೆ ಶಿಕ್ಷಕರ ಕೆಲಸ ಅಳೆಯಬಹುದೇ?

ಒಂದೇ ಭೇಟಿಯಲ್ಲಿ ಆಗುವುದಿಲ್ಲ. ಹಿಂದೆ ಯಾರೋ ಕೂತು ಬರೆದುಕೊಳ್ಳುತ್ತಿದ್ದರೆ ಮೇಷ್ಟ್ರೂ ಮಕ್ಕಳೂ ಬೇರೆ ಥರಾನೇ ಇರುತ್ತಾರೆ, ಅಲ್ವಾ?

ಅಮೆರಿಕದಲ್ಲಿ ಗೇಟ್ಸ್ ಫೌಂಡೇಶನ್ ಸುಮಾರು 3,000 ಶಿಕ್ಷಕರನ್ನು ಸೇರಿಸಿಕೊಂಡು ಬೋಧನೆಯನ್ನು ಅಳೆಯುವುದು ಹೇಗೆ ಎಂದು ‘ಮೆಟ್’ ಎಂಬ ದೊಡ್ಡ ಅಧ್ಯಯನ ಮಾಡಿಸಿತ್ತು. ಒಬ್ಬರೇ ಇನ್ನೊಂದು ಪಾಠ ನೋಡುವುದಕ್ಕಿಂತ, ಆ ಇನ್ನೊಂದು ಪಾಠವನ್ನು ಬೇರೊಬ್ಬರು ನೋಡಿದರೆ ಶಿಕ್ಷಕರಿಗೆ ಕೊಡುವ ಅಂಕವನ್ನು ಹೆಚ್ಚು ನಂಬಬಹುದು ಎಂದು ಅದರಲ್ಲಿ ಗೊತ್ತಾಯಿತು. ನಮ್ಮಲ್ಲಿ ಹೀಗೆ ಇಬ್ಬರನ್ನು ಕಳಿಸುವುದು ಕಷ್ಟ. ಒಬ್ಬ ಸಿಆರ್‌ಪಿಗೆ ಇಡೀ ಕ್ಲಸ್ಟರಿನ ಶಾಲೆಗಳು, ಮೇಲೆ ದಾಖಲೆ ಕೆಲಸ ಬೇರೆ.

ಏನು ನೋಡುತ್ತಾರೆ ಅನ್ನೋದೂ ಮುಖ್ಯ. ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯಿಂದ ಕಲಿಸುವ ನಲಿಕಲಿ ತರಗತಿಯನ್ನೇ ತಗೊಳ್ಳಿ. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ, ಗುಂಪು ಗುಂಪಾಗಿ ಕಾರ್ಡ್ ಹಿಡಿದು ಕೂತಿರುತ್ತಾರೆ. ಶಿಕ್ಷಕರು ಒಂದು ಗುಂಪಿನ ಜೊತೆ ನೆಲದ ಮೇಲೆ. ಬೋರ್ಡ್ ಮುಂದೆ ನಿಂತು ಮಾಡುವ ಪಾಠವನ್ನೇ ಹುಡುಕುವವರಿಗೆ ಇದು ಬರೀ ಗದ್ದಲ!

ನನ್ನ ಪ್ರಕಾರ, ಪಾಠಯೋಜನೆ ಪುಸ್ತಕಕ್ಕಿಂತ ಮೊದಲು ಮಕ್ಕಳನ್ನು ನೋಡಬೇಕು. ಪ್ರಶ್ನೆ ಯಾರಿಗೆ ಹೋಗುತ್ತಿದೆ, ತಪ್ಪು ಹೇಳಿದ ಮಗುವಿಗೆ ಏನಾಗುತ್ತದೆ, ಹಿಂದಿನ ಸಾಲಿನವರು ಸುಮ್ನೆ ಕೂತಿದ್ದಾರಾ. ಆಮೇಲೆ ಶಿಕ್ಷಕರ ಜೊತೆ ಹತ್ತು ನಿಮಿಷ ಮಾತು, ಅದೂ ಅವತ್ತೇ.