ಸೆಪ್ಟೆಂಬರ್ ಗೆಲುವು, ಅಕ್ಟೋಬರ್ ಸೋಲು

ಪ್ರಶ್ನೆ: ಅಮೆರಿಕದಲ್ಲಿ ಮಗ ಓದುವ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಮೊದಲ ನಾಲ್ಕೂ ಪಂದ್ಯ ಗೆದ್ದು, ಆಮೇಲೆ ಸತತ ಮೂರು ಸೋತಿತು. ಇದ್ದಕ್ಕಿದ್ದಂತೆ ಕೆಟ್ಟಿದ್ದೇಕೆ? ಋತುವಿನ ಕೊನೆಗೆ ಆಯ್ದ ತಂಡಗಳು ಆಡುವ ಬೌಲ್ ಪಂದ್ಯದ ಆಸೆ ಬಿಡಬೇಕೆ?

ಉತ್ತರ: ತಂಡ ಬಹುಶಃ ಕೆಟ್ಟಿಲ್ಲ, ಎದುರಾಳಿಗಳು ಗಟ್ಟಿಯಾದರು ಅಷ್ಟೆ. ದೊಡ್ಡ ತಂಡಗಳು ಸೆಪ್ಟೆಂಬರಿನಲ್ಲಿ ಹಣ ಕೊಟ್ಟು ಸಣ್ಣ ತಂಡಗಳನ್ನು ತಮ್ಮ ಮೈದಾನಕ್ಕೆ ಕರೆಸಿಕೊಳ್ಳುತ್ತವೆ. ಸ್ವಂತ ಕಾನ್ಫರೆನ್ಸಿನ, ಅಂದರೆ ತಾವು ಸೇರಿದ ಗುಂಪಿನ, ಪಂದ್ಯಗಳು ಹೆಚ್ಚಾಗಿ ಆಮೇಲೆ. ಸ್ಕೋರಿಗಿಂತ ಚೆಂಡು ಮುಂದೊಯ್ಯುವ ಪ್ರತಿ ಪ್ರಯತ್ನಕ್ಕೆ ಸಿಕ್ಕ ಗಜ, ಬಿಟ್ಟುಕೊಟ್ಟ ಗಜ ಹೋಲಿಸಿ. ಗೆದ್ದಾಗಲೂ ಬಿಟ್ಟುಕೊಟ್ಟದ್ದೇ ಹೆಚ್ಚಿದ್ದರೆ ಆ ಗೆಲುವುಗಳನ್ನು ನಂಬಬೇಡಿ. ಕೈಜಾರಿದ ಚೆಂಡು ಯಾರ ಪಾಲಾಗುತ್ತದೆ ಎಂಬುದು ಬಹುಪಾಲು ಅದೃಷ್ಟ, ಅದು ಋತುವಿಡೀ ಕೈಹಿಡಿಯುವುದಿಲ್ಲ.

ಮೊದಲ ಡೌನ್ ಗಮನಿಸಿ. ಡೌನ್ ಎಂದರೆ ಒಂದು ಪ್ರಯತ್ನ; ನಾಲ್ಕರಲ್ಲಿ ಹತ್ತು ಗಜ ಸಾಗಬೇಕು. ಅಲ್ಲಿ ಒಂದೆರಡು ಗಜವಷ್ಟೇ ದಕ್ಕಿದರೆ ಮೂರನೇ ಡೌನಿಗೆ ಏಳೆಂಟು ಗಜ ಉಳಿಯುತ್ತದೆ. ಪಾಸ್ ಬರುವುದು ಎದುರಾಳಿಗೆ ಗೊತ್ತು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳುತ್ತಾರೆ. ಬೈಗುಳವೆಲ್ಲ ಅವನಿಗೆ, ತಪ್ಪು ಹಲವು ಸಲ ಅವನನ್ನು ಕಾಯುವ ಮುಂದಿನ ಸಾಲಿನ ಐವರದ್ದು.

ಬೌಲ್‌ಗೆ 12ರಲ್ಲಿ 6 ಗೆಲುವು ಸಾಕು. ನಿಮಗೆ ಉಳಿದ ಐದರಲ್ಲಿ ಎರಡು. ಆದರೆ ಕೆಳ ಹಂತದ ಎಫ್‌ಸಿಎಸ್ ತಂಡಗಳ ಮೇಲಿನ ಒಂದೇ ಗೆಲುವು ಲೆಕ್ಕಕ್ಕೆ ಬರುತ್ತದೆ, ಅಂಥವು ಎರಡಿದ್ದರೆ ಇನ್ನೂ ಮೂರು ಬೇಕು. ಜಾಗ ಖಾಲಿ ಉಳಿದ ವರ್ಷ 5 ಗೆದ್ದವರಿಗೂ, ಆಟಗಾರರ ಓದಿನ ಪ್ರಗತಿ ನೋಡಿ, ಕರೆ ಬಂದದ್ದುಂಟು.