ಕುಷ್ಟಗಿಗೂ ಒಂದು ಎಂಪಿ ಸೀಟು ಇತ್ತು

ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. "ಮೊದಲ ಎಲೆಕ್ಷನ್‌ನಲ್ಲಿ ಕುಷ್ಟಗಿಗೇ ಒಂದು ಎಂಪಿ ಸೀಟು ಇತ್ತು, ನಮ್ಮಪ್ಪ ಓಟು ಹಾಕಿದ್ದು ಅದಕ್ಕೇ" ಅಂತ ನಮ್ಮ ಮುತ್ಯಾ ಹೇಳುತ್ತಾರೆ. ಕಾಲೇಜಿನಲ್ಲಿ ಯಾರೂ ನಂಬುತ್ತಿಲ್ಲ. 1952ರ ಮೈಸೂರು ರಾಜ್ಯದ ಪಟ್ಟಿ ತೆಗೆದು ನೋಡಿದೆವು, ಕುಷ್ಟಗಿ ಹೆಸರೇ ಇಲ್ಲ. ಮುತ್ಯಾ ಹೇಳುವುದು ನಿಜವೇ? ನಿಜವಾದರೆ ಆ ಸೀಟು ಎಲ್ಲಿ ಹೋಯಿತು?
– ಬಿ.ಎ. ವಿದ್ಯಾರ್ಥಿನಿ, ತಾವರಗೇರಾ

ಉತ್ತರ: ನಿಮ್ಮ ಮುತ್ಯಾ ಹೇಳಿದ್ದು ನೂರಕ್ಕೆ ನೂರು ನಿಜ, ತಂಗಿ. ನೀವು ನೋಡಿದ ಪಟ್ಟಿಯೂ ಸರಿಯಾದದ್ದೇ. ಆದರೆ ನಮ್ಮ ಊರನ್ನು ಆ ಪಟ್ಟಿಯಲ್ಲಿ ಹುಡುಕಬಾರದು. 1952ರಲ್ಲಿ ನಾವು ಮೈಸೂರು ರಾಜ್ಯದಲ್ಲಿ ಇರಲೇ ಇಲ್ಲ. ಕುಷ್ಟಗಿ ಆಗ ರಾಯಚೂರು ಜಿಲ್ಲೆಯ ತಾಲ್ಲೂಕು, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ. ಚುನಾವಣಾ ಆಯೋಗದ ಮೊದಲ ಚುನಾವಣೆಯ ಅಂಕಿಅಂಶದ ವರದಿ ಇದೆಯಲ್ಲ, ಅದರಲ್ಲಿ ಹೈದರಾಬಾದ್ ಎಂಬ ಭಾಗ ತೆಗೆಯಿರಿ. ಅಲ್ಲಿ ಕುಷ್ಟಗಿ ಸಿಗುತ್ತದೆ. ಅದನ್ನೇ ಗೆಳತಿಯರಿಗೆ ತೋರಿಸಿ.

ಹೈದರಾಬಾದ್ ರಾಜ್ಯದಿಂದ ಆಗ ಲೋಕಸಭೆಗೆ 25 ಜನ ಹೋಗುತ್ತಿದ್ದರು. ಕ್ಷೇತ್ರಗಳು ಮಾತ್ರ 21. ನಾಲ್ಕು ಕಡೆ ಒಂದೇ ಕ್ಷೇತ್ರದಿಂದ ಇಬ್ಬರು ಆರಿಸಿ ಬರುವ ಪದ್ಧತಿ ಇತ್ತು. ಆ 21 ಕ್ಷೇತ್ರಗಳ ಪಟ್ಟಿಯಲ್ಲಿ ಔರಂಗಾಬಾದ್, ನಾಂದೇಡ್, ವರಂಗಲ್, ಕರೀಂನಗರ ಇವುಗಳ ಜೊತೆಗೆ ಒಂದೇ ಸಾಲಿನಲ್ಲಿ ನಮ್ಮ ಕುಷ್ಟಗಿ! ಕನ್ನಡ ಭಾಗದವು ಕುಷ್ಟಗಿ, ಯಾದಗಿರಿ, ಗುಲ್ಬರ್ಗಾ, ಬೀದರ್. ಆ ಪಟ್ಟಿಯಲ್ಲಿ ರಾಯಚೂರು ಇಲ್ಲ, ಕೊಪ್ಪಳವೂ ಇಲ್ಲ. ಜಿಲ್ಲೆಯ ಮುಖ್ಯ ಊರನ್ನು ಬಿಟ್ಟು ತಾಲ್ಲೂಕಿನ ಊರಿನ ಹೆಸರು ದಿಲ್ಲಿಯ ಪುಸ್ತಕ ಸೇರಿತ್ತು. ನಿಮ್ಮ ಗೆಳತಿಯರು ನಂಬದೇ ಇರುವುದು ಸಹಜ. ನಾನು ಕುಷ್ಟಗಿ ತಾಲ್ಲೂಕಿನ ಶಾಲೆಗಳಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಕಲಿಸಿದವನು. ನಮ್ಮ ಪಠ್ಯಪುಸ್ತಕದಲ್ಲೂ ಈ ಮಾತು ಎಂದೂ ಇರಲಿಲ್ಲ. ಇರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನು ಗೆದ್ದವರು ಯಾರು? ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು.

ಕುಷ್ಟಗಿಯಿಂದ ಲೋಕಸಭೆಗೆ ಹೋದವರು ಅಳವಂಡಿ ಶಿವಮೂರ್ತಿ ಸ್ವಾಮಿಯವರು. ಅಳವಂಡಿ ಕೊಪ್ಪಳ ತಾಲ್ಲೂಕಿನ ಊರು, ಕೊಪ್ಪಳದಿಂದ ಮುಂಡರಗಿಗೆ ಹೋಗುವಾಗ ಸಿಗುತ್ತದೆ. 1947ರ ಆಗಸ್ಟ್‌ನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ನಿಜಾಮರು ಭಾರತಕ್ಕೆ ಸೇರಲಿಲ್ಲ. ಒಳಗೆ ರಜಾಕಾರರ, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರ, ಹಾವಳಿ ಜಾಸ್ತಿಯಾಯಿತು. ಹೋರಾಟಗಾರರು ಗಡಿ ದಾಟಿ ಮುಂಬಯಿ ಪ್ರಾಂತ್ಯದ ಊರುಗಳಲ್ಲಿ ಶಿಬಿರ ಹಾಕಿದರು. ಗಜೇಂದ್ರಗಡದಲ್ಲಿ ಒಂದು, ಮುಂಡರಗಿಯಲ್ಲಿ ಒಂದು. ಮುಂಡರಗಿ ಶಿಬಿರದ ಮುಂದಾಳು ಈ ಶಿವಮೂರ್ತಿ ಸ್ವಾಮಿಯವರೇ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತಕ್ಕೆ ಸೇರಿತು. ಅದಾಗಿ ನಾಲ್ಕು ವರ್ಷ ತುಂಬುವ ಮೊದಲೇ ನಮ್ಮ ಜನ ಜೀವನದಲ್ಲಿ ಮೊದಲ ಸಲ ಓಟು ಹಾಕಿದರು.

ಅವರು ನಿಂತಿದ್ದು ಪಕ್ಷೇತರರಾಗಿ. ಆ ಕಾಲವನ್ನು ಸ್ವಲ್ಪ ನೆನೆಯಿರಿ. ನೆಹರೂ ಅವರ ಹೆಸರು ಮನೆಮನೆಯಲ್ಲಿತ್ತು. ದೇಶದ 489 ಸೀಟುಗಳಲ್ಲಿ ಕಾಂಗ್ರೆಸ್ 364 ಗೆದ್ದಿತು. ಪಕ್ಕದ ಗುಲ್ಬರ್ಗಾದಲ್ಲಿ ಸ್ವಾಮಿ ರಮಾನಂದ ತೀರ್ಥರು, ಯಾದಗಿರಿಯಲ್ಲಿ ಕೃಷ್ಣಾಚಾರ್ಯ ಜೋಶಿಯವರು, ಇಬ್ಬರೂ ಕಾಂಗ್ರೆಸ್‌ನಿಂದ ಆರಿಸಿ ಬಂದರು. ಕುಷ್ಟಗಿ ಜನ ಮಾತ್ರ ಪಕ್ಷೇತರರನ್ನು ಗೆಲ್ಲಿಸಿದರು. ಅವರು ಪಕ್ಷ ನೋಡಲಿಲ್ಲ, ಕಷ್ಟಕಾಲದಲ್ಲಿ ಎದುರು ನಿಂತ ಮನುಷ್ಯನನ್ನು ನೋಡಿದರು ಅಂತ ನನ್ನ ನಂಬಿಕೆ. ಆಗ ನಮ್ಮ ಕಡೆ ಅಕ್ಷರ ಬಲ್ಲವರು ಬಹಳ ಕಡಿಮೆ. "ಓದು ಬಾರದವರಿಗೆ ಓಟಿನ ಬೆಲೆ ಏನು ಗೊತ್ತು" ಎನ್ನುವವರಿಗೆ ನಾನು ಯಾವಾಗಲೂ ಕುಷ್ಟಗಿಯ ಈ ಫಲಿತಾಂಶವನ್ನೇ ಹೇಳುತ್ತೇನೆ.

ಓಟು ಹಾಕುವ ರೀತಿಯೂ ಬೇರೆ ಇತ್ತು. ಈಗಿನ ಹಾಗೆ ಬಟನ್ ಇಲ್ಲ, ಚೀಟಿಯ ಮೇಲೆ ಸಿಕ್ಕಾ ಒತ್ತುವುದೂ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಚಿಹ್ನೆ. ಪರದೆಯ ಹಿಂದೆ ಹೋಗಿ, ಕೊಟ್ಟ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು, ಅಷ್ಟೇ. ಎಂಪಿ ಚುನಾವಣೆ, ಎಂಎಲ್‌ಎ ಚುನಾವಣೆ ಜೊತೆಗೇ ನಡೆದಿದ್ದರಿಂದ ಚೀಟಿಯೂ ಬೇರೆ ಬೇರೆ, ಪೆಟ್ಟಿಗೆಯೂ ಬೇರೆ ಬೇರೆ. ಹನುಮಸಾಗರದ ಕಡೆ ನಾನು ಚುನಾವಣೆ ಡ್ಯೂಟಿಗೆ ಹೋದಾಗ ಒಬ್ಬ ಹಿರಿಯ ತಾಯಿ ಶಾಯಿ ಹಚ್ಚಿಸಿಕೊಂಡು, "ಆಗ ಡಬ್ಬಿ ನೋಡಿ ಹಾಕತಿದ್ವಿ ಮಾಸ್ತರ, ಒಳಗ ಯಾರೂ ಇರತಿರಲಿಲ್ಲ, ಎದಿ ಡವಡವ ಅಂತಿತ್ತು" ಎಂದಿದ್ದರು. ಜೊತೆಗೆ ಬಂದ ಮೊಮ್ಮಗ ಅದನ್ನು ಕೇಳಿಸಿಕೊಳ್ಳದೆ ಮೊಬೈಲ್ ನೋಡುತ್ತಿದ್ದ. ನೀವು ಹಾಗೆ ಮಾಡಲಿಲ್ಲ, ಮುತ್ಯಾನ ಮಾತು ಹಿಡಿದು ಹುಡುಕಿದಿರಿ. ನನಗೆ ಬಹಳ ಸಂತೋಷವಾಯಿತು.

ಈಗ, ಸೀಟು ಎಲ್ಲಿ ಹೋಯಿತು ಎಂಬುದು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಹೊಸದಾಗಿ ಆದವು. ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲುಗು ಭಾಗ ಆಂಧ್ರಕ್ಕೆ, ಮರಾಠವಾಡ ಮುಂಬಯಿಗೆ, ನಾವು ಮೈಸೂರಿಗೆ. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರದ ಕಡೆ ಹೋದವು. ರಾಜ್ಯವೇ ಇಲ್ಲವಾದ ಮೇಲೆ ಅದರ ಕ್ಷೇತ್ರಗಳ ಗಡಿಯನ್ನೂ ಹೊಸದಾಗಿ ಎಳೆಯಬೇಕಾಯಿತು. 1957ರ ಚುನಾವಣೆಗೆ ಕೊಪ್ಪಳ, ರಾಯಚೂರು ಎಂಬ ಕ್ಷೇತ್ರಗಳು ಬಂದವು. ಕುಷ್ಟಗಿ, ಯಾದಗಿರಿ ಹೆಸರುಗಳು ಹೋದವು. ಒಂದೇ ಒಂದು ಚುನಾವಣೆ ನೋಡಿದ ಕ್ಷೇತ್ರ ನಮ್ಮದು.

ಹಾಗಾಗಿ ಕುಷ್ಟಗಿ ಏನೋ ಕಳೆದುಕೊಂಡು ಸಣ್ಣದಾಯಿತು ಅಂತ ತಿಳಿಯಬೇಡಿ. ಊರು ಇದ್ದಲ್ಲೇ ಇತ್ತು, ಸುತ್ತಲಿನ ರಾಜ್ಯ ಬದಲಾಯಿತು. ನೆನಪು ಹೋಗಿದ್ದಕ್ಕೂ ಅದೇ ಕಾರಣ. ಹೈದರಾಬಾದಿನ ಇತಿಹಾಸ ಬರೆಯುವವರು ಕುಷ್ಟಗಿಯನ್ನು ಕರ್ನಾಟಕದ್ದು ಅಂತ ಬಿಡುತ್ತಾರೆ. ಕರ್ನಾಟಕದ ಚುನಾವಣೆಯ ಇತಿಹಾಸ ಬರೆಯುವವರು ಹಳೆಯ ಮೈಸೂರಿನ ಪಟ್ಟಿಯಿಂದಲೇ ಶುರು ಮಾಡುತ್ತಾರೆ. ನಡುವೆ ಬಿದ್ದವರು ನಾವು. ಲೋಕಸಭೆಯ ಮೊದಲ ಪಟ್ಟಿಯಲ್ಲೇ ಹೆಸರಿದ್ದ ಊರು ರೈಲಿನ ಮುಖ ನೋಡಲು 2025ರವರೆಗೆ ಕಾಯಬೇಕಾಯಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಶಿವಮೂರ್ತಿ ಸ್ವಾಮಿಯವರ ಕಥೆ ಕುಷ್ಟಗಿ ಸೀಟಿನ ಜೊತೆಗೆ ಮುಗಿಯಲಿಲ್ಲ. 1957ರಲ್ಲಿ ಹೊಸ ಕೊಪ್ಪಳ ಕ್ಷೇತ್ರದಿಂದ ಕಾಂಗ್ರೆಸ್‌ನ ಅಗಡಿ ಸಂಗಣ್ಣನವರು ಗೆದ್ದರು. 1962ರಲ್ಲಿ ಸ್ವಾಮಿಯವರು ಲೋಕ ಸೇವಕ ಸಂಘದಿಂದ ಗೆದ್ದು ಮತ್ತೆ ದಿಲ್ಲಿಗೆ ಹೋದರು. 1967ರಲ್ಲಿ ತಿರುಗಿ ಅಗಡಿಯವರು.

ಒಂದು ಕೆಲಸ ಮಾಡಿ. ಮುತ್ಯಾನ ಹತ್ತಿರ ಕೂತು, ಅವರ ಅಪ್ಪ ಯಾವ ಊರಿನಲ್ಲಿ, ಯಾವ ಕಟ್ಟಡದಲ್ಲಿ ಓಟು ಹಾಕಿದರು, ಎಷ್ಟು ದೂರ ನಡೆದು ಹೋದರು, ಮನೆಯ ಹೆಣ್ಣುಮಕ್ಕಳೂ ಹೋಗಿದ್ದರೇ ಎಂದು ಕೇಳಿ ಬರೆದುಕೊಳ್ಳಿ. ಆಗ ಓಟಿಗೆ 21 ವರ್ಷ ತುಂಬಿರಬೇಕಿತ್ತು. ಅಂದು ಓಟು ಹಾಕಿದವರಲ್ಲಿ ಇಂದು ಉಳಿದವರು ತೊಂಬತ್ತು ದಾಟಿದವರು. ಅವರಿಂದ ಕೇಳಿದವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ತಡ ಮಾಡಬೇಡಿ.

ಪ್ರಶ್ನೆ: ಆ ಮೊದಲ ಚುನಾವಣೆಯಲ್ಲಿ ಹೊಸಪೇಟೆ, ಬಳ್ಳಾರಿಯವರೂ ನಮ್ಮ ಜೊತೆ ಹೈದರಾಬಾದಿನಲ್ಲೇ ಇದ್ದರೇ?
– ಓದುಗರು, ಗಂಗಾವತಿ

ಉತ್ತರ: ಇಲ್ಲ. ನಿಮಗೆ ಹೊಳೆ ದಾಟಿದರೆ ಬೇರೆ ರಾಜ್ಯ. ಬಳ್ಳಾರಿ ಜಿಲ್ಲೆ ಆಗ ಮದರಾಸಿನಲ್ಲಿತ್ತು. ಅಲ್ಲಿಂದ ಗೆದ್ದವರು ಕಾಂಗ್ರೆಸ್‌ನ ಟೇಕೂರು ಸುಬ್ರಹ್ಮಣ್ಯಂ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಅಲ್ಲಿಗೆ ಹೋದವು. ಬಳ್ಳಾರಿ ಮೈಸೂರಿಗೆ ಬಂತು. ನಮಗಿಂತ ಮೂರು ವರ್ಷ ಮೊದಲೇ. ಇತ್ತ ಮುಂಡರಗಿ, ಗಜೇಂದ್ರಗಡದವರು ಮುಂಬಯಿ ರಾಜ್ಯದ ಮತದಾರರು. ಮುಂಡರಗಿ, ಕೊಪ್ಪಳ, ಹೊಸಪೇಟೆ ಇಷ್ಟು ಹತ್ತಿರದ ಊರುಗಳು, ಮಾತು ಒಂದೇ, ಬೀಗತನವೂ ಇತ್ತು. ಓಟು ಮಾತ್ರ ಮೂರು ರಾಜ್ಯಗಳಲ್ಲಿ. ತುಂಗಭದ್ರಾ ಅಣೆಕಟ್ಟನ್ನು 1945ರಲ್ಲಿ ಹೈದರಾಬಾದ್ ಮತ್ತು ಮದರಾಸು ಸೇರಿ ಶುರು ಮಾಡಿದ್ದೂ ಇದೇ ಕಾರಣಕ್ಕೆ. ಎಡದಂಡೆ ಹೈದರಾಬಾದಿನದು, ಬಲದಂಡೆ ಮದರಾಸಿನದು.

ಪ್ರಶ್ನೆ: ನಮ್ಮದು ಬಳ್ಳಾರಿ ಜಿಲ್ಲೆ. ಆದರೆ ಓಟು ಹಾಕುವುದು ಕೊಪ್ಪಳದ ಎಂಪಿಗೆ. ಇದು ಯಾಕೆ?
– ರೈತರು, ಸಿರುಗುಪ್ಪ

ಉತ್ತರ: ಲೋಕಸಭಾ ಕ್ಷೇತ್ರದ ಗಡಿ ಜಿಲ್ಲೆಯ ಗಡಿಯ ಹಾಗೇ ಇರಬೇಕೆಂಬ ನಿಯಮ ಇಲ್ಲ. ಜನಸಂಖ್ಯೆ ಹೆಚ್ಚುಕಡಿಮೆ ಸಮ ಇರಬೇಕು, ಒಂದು ವಿಧಾನಸಭಾ ಕ್ಷೇತ್ರವನ್ನು ಒಡೆಯಬಾರದು, ಇವು ಮುಖ್ಯ. ನಮ್ಮ ರಾಜ್ಯದ 224 ವಿಧಾನಸಭಾ ಕ್ಷೇತ್ರಗಳನ್ನು 28 ಲೋಕಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಎಂಟು. ಕೊಪ್ಪಳ ಜಿಲ್ಲೆಯಲ್ಲಿ ಇರುವುದು ಐದೇ: ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕನಕಗಿರಿ. ಉಳಿದ ಮೂರಕ್ಕೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ನಿಮ್ಮ ಸಿರುಗುಪ್ಪ ಸೇರಿಸಿದ್ದಾರೆ. ಹಿಂದೆ ತನ್ನ ಹೆಸರಿನದೇ ಕ್ಷೇತ್ರ ಇದ್ದ ಯಾದಗಿರಿ ಈಗ ರಾಯಚೂರು ಕ್ಷೇತ್ರದ ಒಂದು ಭಾಗ. ಈಗಿನ ಗಡಿಗಳು 2008ರಲ್ಲಿ ಜಾರಿಗೆ ಬಂದವು. ನಿಮ್ಮ ಕಾಲುವೆ ನೀರಿನ ವಿಷಯವನ್ನು ಬಳ್ಳಾರಿ ಎಂಪಿಗೆ ಬರೆದು ಕಾಯುತ್ತಿದ್ದೀರಿ ಅಂತ ಪತ್ರದ ಕೊನೆಯಲ್ಲಿ ಹೇಳಿದ್ದೀರಿ. ಒಂದು ಪ್ರತಿಯನ್ನು ಕೊಪ್ಪಳದ ಎಂಪಿಗೂ ಕಳಿಸಿ. ನಿಮ್ಮ ಓಟು ಇರುವುದು ಅಲ್ಲಿ.